ಹನ್ನೊಂದು ತಿಂಗಳ ತೋಟ

ಗುಂಡಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ತಳದಲ್ಲಿ ಒಂದು ಬಿಸ್ಕತ್ತಿನ ಕಾಗದ, ನಾಲ್ಕು ಒಣ ಎಲೆ, ಮೂಲೆಯಲ್ಲಿ ಬಲೆ ಕಟ್ಟಿಕೊಂಡು ನೆಮ್ಮದಿಯಾಗಿದ್ದ ಒಂದು ಜೇಡ. ತೋಡಿ ಏಳು ವಾರವಾಗಿತ್ತು. ಗಿಡ ಬಂದಿರಲಿಲ್ಲ.

ತಪ್ಪು ಗಿಡಗಳದ್ದಲ್ಲ. ನನ್ನ ಅತ್ತೆಯಷ್ಟು ಗಿಡಗಳನ್ನು ನೋಡಿ, ಮುಟ್ಟಿ, ಮೂಸಿ, ಕೊನೆಗೆ "ಆಮೇಲೆ ತಿಳಿಸ್ತೀವಿ" ಎಂದು ಎದ್ದು ಬಂದವರು ದಕ್ಷಿಣ ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಹೆಣ್ಣು ನೋಡಲು ಬಂದವರು ಕೂಡ ಕೇಸರಿಬಾತು, ಉಪ್ಪಿಟ್ಟು ತಿಂದ ಮೇಲೆ ಆ ಮಾತು ಹೇಳಲು ಸ್ವಲ್ಪ ಸಂಕೋಚಪಡುತ್ತಾರೆ. ಅತ್ತೆಗೆ ಆ ಸಂಕೋಚವೂ ಇರಲಿಲ್ಲ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ. ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದರು. ಜಯನಗರ, ತಿಲಕ್ ನಗರ, ಸಾರಕ್ಕಿ, ಜೆ.ಪಿ. ನಗರ ಎಂದು ಮೂವತ್ತಮೂರು ವರ್ಷಗಳಲ್ಲಿ ಏಳು ಬಾಡಿಗೆ ಮನೆ. ಅರವತ್ತೊಂದನೆಯ ವಯಸ್ಸಿನಲ್ಲಿ ತಲಘಟ್ಟಪುರದಲ್ಲಿ ತಮ್ಮದೇ ಒಂದು ಮನೆ ಕಟ್ಟಿಸಿದರು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಹತ್ತಡಿಗೆ ಹದಿನಾರಡಿ ಮಣ್ಣು. ಆ ಮಣ್ಣಿನಲ್ಲಿ ಚೆಂದದ ಒಂದು ಗಿಡವನ್ನೋ ಸಣ್ಣ ಮರವನ್ನೋ ನೆಡಬೇಕು. ವಿಷಯ ಇಷ್ಟೇ. ಇಷ್ಟಕ್ಕೆ ನಾನು ಏಳು ಶನಿವಾರ ಬಿ.ಟಿ.ಎಂ. ಲೇಔಟಿನ ನನ್ನ ಬಾಡಿಗೆ ಕೋಣೆಯಿಂದ ಹೊರಟು, ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಬಂದಿದ್ದೆ.

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತು, ನಮ್ಮ ವರ್ಷಕ್ಕೆ ಹನ್ನೊಂದೇ ತಿಂಗಳು. ಕರಾರು ಪತ್ರ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಓನರ್ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂವತ್ತಮೂರು ವರ್ಷ ಹೀಗೆ ಬದುಕಿದ ಅತ್ತೆಗೆ ಹನ್ನೊಂದು ತಿಂಗಳಿಗಿಂತ ಉದ್ದದ ಕಾಲವನ್ನು ಯೋಚಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಅವರ ಗಿಡಗಳೆಲ್ಲ ಖಾಲಿ ಪೇಂಟ್ ಡಬ್ಬಿಗಳಲ್ಲಿದ್ದವು. ಡಬ್ಬಿಗೆ ಹಿಡಿಕೆ ಇರುತ್ತದಲ್ಲ! ಮನೆ ಬದಲಾಯಿಸುವಾಗ ಮೊದಲ ಆಟೊದಲ್ಲಿ ದಾಸವಾಳ, ಎರಡನೆಯದರಲ್ಲಿ ಕ್ರೋಟನ್‌ಗಳು, ಮೂರನೆಯದರಲ್ಲಿ ಅತ್ತೆ. ದೇವರ ಪಟಗಳು ಯಾವಾಗಲೂ ಅತ್ತೆಯ ಜೊತೆ ಹಿಂದೆ ಉಳಿಯುತ್ತಿದ್ದವು. ದೇವರು ಒಣಗುವುದಿಲ್ಲ ಎಂಬುದು ಅವರ ವಾದ.

ಗುಂಡಿ ತೋಡಿದ ದಿನವೇ ನನಗೆ ಅನುಮಾನ ಬರಬೇಕಿತ್ತು. ಮನೆ ಕಟ್ಟಿದ ಮೇಸ್ತ್ರಿಯ ಆಳು ಗುದ್ದಲಿ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಅತ್ತೆ ಗುಂಡಿಯನ್ನು ಬಗ್ಗಿ ನೋಡಿ, ದನಿ ತಗ್ಗಿಸಿ ನನಗೆ ಹೇಳಿದರು.

"ನೆಡೋಕೆ ಮುಂಚೆ ಓನರ್‌ಗೆ ಒಂದು ಮಾತು ಕೇಳಿಬಿಡಬೇಕು ಕಣೇ."

"ಅತ್ತೆ, ಓನರ್ ನೀವೇ."

ಅವರು ನೆಟ್ಟಗಾಗಿ ಹೊಸ ಗೋಡೆಯನ್ನೊಮ್ಮೆ ನೋಡಿದರು.

"ಹೌದಲ್ವಾ. ಆದರೂ ನೋಡಿಕೊಂಡು ಮಾಡೋಣ. ಓನರ್‌ಗಳನ್ನ ನಂಬೋಕಾಗಲ್ಲ."

ನರ್ಸರಿ ಕನಕಪುರ ರಸ್ತೆಯಲ್ಲಿತ್ತು. ನರ್ಸರಿಯಾತ ತಾಳ್ಮೆಯ ಮನುಷ್ಯ. ಮೊದಲ ವಾರ ನಮ್ಮನ್ನು ನೋಡಿ ನಕ್ಕ, ಮೂರನೆಯ ವಾರ ಟೀ ತರಿಸಿದ, ಐದನೆಯ ವಾರ ನಾವು ಬರುವುದು ಕಂಡೊಡನೆ ಪೈಪ್ ಹಿಡಿದು ಹಿಂದಿನ ಸಾಲಿಗೆ ನೀರು ಹಾಕಲು ಹೋದ. ಅತ್ತೆಯ ಪರೀಕ್ಷೆಗೆ ಒಂದು ಕ್ರಮವಿತ್ತು. ಎಲ್ಲರೂ ಗಿಡದ ಎಲೆ ನೋಡುತ್ತಾರೆ, ಮೊಗ್ಗು ನೋಡುತ್ತಾರೆ. ಅತ್ತೆ ಮೊದಲು ಗಿಡವನ್ನು ಎತ್ತಿ ನೋಡುತ್ತಿದ್ದರು. ಸೊಂಟಕ್ಕೆ ಆನಿಸಿಕೊಂಡು ನಾಲ್ಕು ಹೆಜ್ಜೆ ನಡೆದು, ಹಿಂದೆ ಬಂದು ಇಳಿಸುತ್ತಿದ್ದರು.

"ಮಣ್ಣು ಪರ್ಫೆಕ್ಟ್ ಆಗಿದೆ ಮೇಡಂ, ಯಾಕೆ ಎತ್ತಿ ನೋಡ್ತೀರಾ?" ಎಂದು ಅವನು ಒಮ್ಮೆ ಕೇಳಿಯೇಬಿಟ್ಟ.

"ಮಣ್ಣಲ್ಲಪ್ಪ. ಮೆಟ್ಟಿಲು ಇಳಿಸೋಕೆ ಆಗುತ್ತಾ ಅಂತ."

"ಎಷ್ಟನೇ ಫ್ಲೋರ್ ಮೇಡಂ?"

"ಗ್ರೌಂಡ್."

ಅವನು ನನ್ನ ಮುಖ ನೋಡಿದ. ನಾನು ಒಂದು ಕುಂಡದ ಬೆಲೆಯನ್ನು ಬಹಳ ಆಸಕ್ತಿಯಿಂದ ಓದಿದೆ.

ಪಾರಿಜಾತವನ್ನು ನಿರಾಕರಿಸಿದ ಕಾರಣ ಕೇಳಿ. ಬೆಳಿಗ್ಗೆ ಆಗುವಷ್ಟರಲ್ಲಿ ಅದು ಅಷ್ಟೂ ಹೂವನ್ನು ಕೆಳಗೆ ಚೆಲ್ಲುತ್ತದಂತೆ. "ಕೆಳಗಿನ ಮನೆಯವರು ಏನಾದರೂ ಅಂದರೆ?" ಎಂದರು. ಕೆಳಗೆ ಮನೆಯಿಲ್ಲ, ಭೂಮಿಯಿದೆ ಎಂದು ನಾನು ನೆನಪಿಸಿದೆ. ರತ್ನಗಂಧಿಗೆ ಮುಳ್ಳು, ಆಟೊದವನಿಗೆ ಚುಚ್ಚುತ್ತದೆ. ಕಾಗದದ ಹೂವಿನ ಬಳ್ಳಿ ಪಕ್ಕದ ಗೋಡೆ ಏರುತ್ತದೆ, ಜಗಳ. ದೇವಕಣಗಿಲೆಯ ಕೊಂಬೆಗಳು ಮೆಟಡೋರಿನ ಬಾಗಿಲು ಹಾಕಲು ಬಿಡುವುದಿಲ್ಲ. ಕಾಮಿನಿ ಗಿಡ ಬಹುತೇಕ ಗೆದ್ದಿತ್ತು. ಚಿಕ್ಕದು, ಹಗುರ, ಬಿಳಿ ಹೂ, ಒಳ್ಳೆಯ ಪರಿಮಳ. ಅತ್ತೆ ಎತ್ತಿಕೊಂಡು ನಾಲ್ಕು ಹೆಜ್ಜೆಯ ಬದಲು ಹತ್ತು ಹೆಜ್ಜೆ ನಡೆದರು. ನರ್ಸರಿಯಾತ ಕವರಿಗೆ ಕೈ ಹಾಕಿದ. ಆಗ ಅವನೇ ಬಾಯಿ ತಪ್ಪಿ, "ನೆಲಕ್ಕೆ ಹಾಕಿಬಿಡಿ ಮೇಡಂ, ಬೇರು ಹಿಡಿದರೆ ಮತ್ತೆ ಅಲ್ಲಾಡಲ್ಲ" ಎಂದ. ಅತ್ತೆ ಕೂಡಲೇ ಗಿಡ ಇಳಿಸಿ ಸೀರೆ ಕೊಡವಿಕೊಂಡರು.

ನನಗೆ ಗೊಂದಲ ಆಗಿಬರುವುದಿಲ್ಲ. ನಾಲ್ಕನೆಯ ವಾರ ಹದಿನಾಲ್ಕು ಗಿಡಗಳ ಒಂದು ಪಟ್ಟಿ ಮಾಡಿದೆ. ಎತ್ತರ, ಬಿಸಿಲು, ನೀರು, ಹೂ ಬಿಡುವ ಕಾಲ, ಎಲ್ಲವೂ ಒಂದೊಂದು ಕಾಲಮ್ಮು. ಎರಡು ಪುಟ ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪರೀಕ್ಷೆಯ ಉತ್ತರಪತ್ರಿಕೆ ನೋಡುವಂತೆ ನೋಡಿ, "ತುಂಬ ಚೆನ್ನಾಗಿ ಮಾಡಿದ್ದೀಯ" ಎಂದರು. ಮುಂದಿನ ವಾರ ಪಟ್ಟಿ ನನ್ನ ಕೈಗೆ ಬಂದಾಗ ಬಲಗಡೆ ಸ್ಕೇಲ್ ಇಟ್ಟು ಎಳೆದ ಹೊಸದೊಂದು ಕಾಲಮ್ಮಿತ್ತು. ತಲೆಬರಹ: ಹೊತ್ತುಕೊಂಡು ಹೋಗಬಹುದೇ?

ಹದಿನಾಲ್ಕಕ್ಕೂ ಉತ್ತರ ಬರೆದಿದ್ದರು. ಮೂರಕ್ಕೆ "ಹೌದು". ಎಂಟಕ್ಕೆ "ಇಲ್ಲ". ಉಳಿದ ಮೂರಕ್ಕೆ "ಇಬ್ಬರಿದ್ದರೆ".

ಎದುರುಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಈ ಬಡಾವಣೆ ಆಗುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಮೂರಂತಸ್ತಿನ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಅವರು ಕೆಳಗೆ ಜಗಲಿಯ ಮೇಲೆ ಕೂತು ರಸ್ತೆಯನ್ನು ನೋಡಿಕೊಳ್ಳುತ್ತಾರೆ. ಗುಂಡಿಯ ಆರೋಗ್ಯ ವಿಚಾರಿಸುವುದು ಅವರ ದಿನಚರಿಯಾಗಿತ್ತು.

"ಏನವ್ವ, ಗುಂಡಿ ಸಂದಾಗಿ ಬೆಳೀತಾ ಐತಾ?"

"ಒಳ್ಳೇ ಗಿಡ ಸಿಗ್ತಿಲ್ಲ ಅಜ್ಜಿ."

"ನೀರ್ ಹಾಕ್ತಾ ಇರು. ಬಾವಿನಾದ್ರೂ ಆಯ್ತದೆ."

ಆರನೆಯ ಶನಿವಾರ ನರ್ಸರಿಯಿಂದ ಬರಿಗೈಯಲ್ಲಿ ವಾಪಸಾಗುವಾಗ ನಾನು ಸ್ವಲ್ಪ ಗಡುಸಾಗಿ ಕೇಳಿದೆ. ಸ್ವಂತ ಮನೆ, ಸ್ವಂತ ಮಣ್ಣು, ಇನ್ನೇನು ಭಯ ಅತ್ತೆ? ಅವರು ಆಟೊದ ಹೊರಗೆ ನೋಡುತ್ತಲೇ ಹೇಳಿದರು. ತಿಲಕ್ ನಗರದ ಮನೆಯಲ್ಲಿ ಓನರ್ ಒಳ್ಳೆಯವರು. ನಿಮ್ಮ ಮನೆ ಅಂತಲೇ ತಿಳಿದುಕೊಳ್ಳಿ ಅಂದಿದ್ದರು. ಅತ್ತೆ ಹಾಗೇ ತಿಳಿದುಕೊಂಡು ಕಿಟಕಿಯ ಕೆಳಗೆ ನೆಲದಲ್ಲಿ ಒಂದು ನಂದಿಬಟ್ಟಲು ನೆಟ್ಟರು. ಗಿಡ ಕಿಟಕಿಯ ಎತ್ತರಕ್ಕೆ ಬಂದ ವರ್ಷ ಓನರ್ ಮಗಳು ವಾಪಸ್ ಬರುವವಳಿದ್ದಳು, ಮನೆ ಖಾಲಿ ಮಾಡಲು ಎರಡು ತಿಂಗಳು ಟೈಮ್ ಕೊಟ್ಟರು. ಡಬ್ಬಿಗಳೆಲ್ಲ ಆಟೊ ಹತ್ತಿದವು. ನಂದಿಬಟ್ಟಲಿನ ಬುಡ ಬಗೆದು ನೋಡಿದರೆ ಬೇರು ಮನೆಯ ಅಡಿಗೇ ಹೋಗಿತ್ತು.

"ಆಮೇಲೆ ಆರು ತಿಂಗಳು ಆಫೀಸಿನಿಂದ ಬರುವಾಗ ಎರಡು ಸ್ಟಾಪ್ ಮುಂಚೆ ಇಳಿದು ಆ ರಸ್ತೆಯಲ್ಲೇ ಬರ್ತಿದ್ದೆ. ಒಂದು ದಿನ ನೋಡ್ತೀನಿ, ಗಿಡದ ಜಾಗದಲ್ಲಿ ಕಾರು. ಕಾರೂ ಬಿಳೀದೇ. ದೂರದಿಂದ ಒಂದು ನಿಮಿಷ, ಪರವಾಗಿಲ್ಲ, ಚೆನ್ನಾಗಿ ಹೂ ಬಿಟ್ಟಿದೆ ಅಂದುಕೊಂಡೆ."

ಅತ್ತೆ ನಕ್ಕರು. ಆಟೊದವರೂ ನಕ್ಕರು. ನನಗೆ ಆಗಲಿಲ್ಲ.

ಏಳನೆಯ ಶನಿವಾರ ನಾನು ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಗೇಟಿನ ಪಕ್ಕ ಸಿಮೆಂಟ್ ಇಟ್ಟಿಗೆಗಳ ಸಣ್ಣ ಗುಡ್ಡೆ. ಸೋಮವಾರ ಮೇಸ್ತ್ರಿ ಬರುತ್ತಾರೆ, ಗುಂಡಿ ಮುಚ್ಚಿ ಅಂಗಳಕ್ಕೆಲ್ಲ ಇಟ್ಟಿಗೆ ಹಾಸುತ್ತಾರೆ, ಅದರ ಮೇಲೆ ಡಬ್ಬಿಗಳನ್ನು ಸಾಲಾಗಿ ಇಟ್ಟರಾಯಿತು. "ಗುಡಿಸೋಕೂ ಸುಲಭ" ಎಂದರು ಅತ್ತೆ. ಹೇಳುವಾಗ ಗುಂಡಿಯ ಕಡೆ ಬೆನ್ನು ಮಾಡಿ ನಿಂತಿದ್ದರು. ಒಂದು ಸಲ ಇಟ್ಟಿಗೆ ಬಿದ್ದರೆ ಇವರು ಈ ಜನ್ಮದಲ್ಲಿ ನೆಲಕ್ಕೆ ಗಿಡ ಹಾಕುವುದಿಲ್ಲ, ಸ್ವಂತ ಮನೆಯಲ್ಲೂ ಹನ್ನೊಂದು ಹನ್ನೊಂದು ತಿಂಗಳಾಗಿಯೇ ಇರುತ್ತಾರೆ ಎಂದು ನನಗೆ ಖಚಿತವಾಯಿತು. ನನ್ನ ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮಿರಲಿಲ್ಲ.

ಸಂಜೆ ಎದುರುಮನೆ ಅಜ್ಜಿ ರಸ್ತೆ ದಾಟಿ ಬಂದರು. ಇಟ್ಟಿಗೆಯ ಗುಡ್ಡೆಯನ್ನು ಕೋಲಿನಿಂದ ತಟ್ಟಿದರು.

"ಇದೇನವ್ವ?"

"ಅಂಗಳಕ್ಕೆ ಅಜ್ಜಿ. ಸೋಮವಾರ ಹಾಕಿಸ್ತೀನಿ."

"ಇಲ್ಲಿ ಏನಿತ್ತು ಗೊತ್ತಾ? ನೀನು ನಿಂತಿದ್ದೀಯಲ್ಲ, ಅಲ್ಲಿ. ನಮ್ ಹೊಲದ ಬದ. ನಾನು ಮದುವೆಯಾಗಿ ಬಂದ ವರ್ಷ ಅವರೆ ಹಾಕಿದ್ದೋ. ಮಂಕರಿಗಟ್ಲೆ ಕಾಯಿ."

"ಹೌದಾ?"

"ಮಾರಿಬಿಟ್ಟೋ. ಮಾರಿದ ಮೇಲೆ ನಮ್ಮದಲ್ಲ, ಬಿಡು. ಆದ್ರೂ ಇದರ ಬಾಯಿಗೆ ಕಲ್ಲು ತುರುಕ್ತೀಯಲ್ಲ, ನೋಡೋಕಾಗಕಿಲ್ಲ."

ಅತ್ತೆ ಗುಂಡಿಯ ಕಡೆ ತಿರುಗಿದರು. ಆಮೇಲೆ, ನನ್ನ ಈ ಕಿವಿಯಿಂದ ಕೇಳಿದ್ದು, ಅರವತ್ತೊಂದು ವರ್ಷದ ನನ್ನ ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಬಾಡಿಗೆ ಮನೆಯವರು ಓನರ್ ಹತ್ತಿರ ಬಳಸುವ ಆ ಮೆತ್ತಗಿನ ದನಿಯಲ್ಲಿ ಕೇಳಿದರು.

"ಅಜ್ಜಿ, ಇಲ್ಲೊಂದು ಗಿಡ ನೆಡಲಾ?"

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ.

"ನೆಡವ್ವ. ದೊಡ್ಡದಾಗೋದೇ ನೆಡು. ಯಾರೂ ಏನೂ ಅನ್ನಕಿಲ್ಲ."

ಭಾನುವಾರ ನರ್ಸರಿಯಾತ ಪೈಪ್ ಹುಡುಕುವ ಮೊದಲೇ ನಾವು ಅವನನ್ನು ಹಿಡಿದೆವು. ಅತ್ತೆ ಯಾವ ಗಿಡವನ್ನೂ ಎತ್ತಲಿಲ್ಲ. ಸೀದಾ ಹಿಂದಿನ ಸಾಲಿಗೆ ಹೋಗಿ ಒಂದು ಬಕುಳದ ಸಸಿಯ ಮುಂದೆ ನಿಂತರು. ಕಡುಹಸಿರು ಎಲೆ, ನೆಟ್ಟಗಿನ ಕಾಂಡ, ಗೋಣಿಚೀಲದಷ್ಟು ದೊಡ್ಡ ಕವರಿನ ತುಂಬ ಮಣ್ಣು.

"ಇದು ಭಾರ ಮೇಡಂ" ಎಂದು ಅವನೇ ಎಚ್ಚರಿಸಿದ. "ಇಬ್ಬರು ಬೇಕು. ಆಮೇಲೆ ನಿಧಾನದ ಮರ. ಮೇಲೆ ಕತ್ತರಿಸ್ತಾ ಇದ್ದರೆ ಕೊಡೆ ಥರ ಚಿಕ್ಕದಾಗಿ ನಿಲ್ಲುತ್ತೆ, ನಿಜ. ಆದರೆ ಹೂ ನೋಡೋಕೆ ಆರೇಳು ವರ್ಷ ಕಾಯಬೇಕು."

ಅತ್ತೆ ಬೆರಳು ಮಡಿಸಿ ಎಣಿಸಿದರು. "ಅರವತ್ತೆಂಟು. ಪರವಾಗಿಲ್ಲ, ಇರ್ತೀನಿ."

"ನೂರು ವರ್ಷ ಇರ್ತೀರಾ ಮೇಡಂ."

"ಅದಲ್ಲಪ್ಪ. ಅದೇ ಮನೇಲಿ ಇರ್ತೀನಿ ಅಂದೆ."

ಗಿಡ ಗುಂಡಿಯ ಪಕ್ಕಕ್ಕೆ ಬಂದ ಮೇಲೂ ಒಂದು ಗಳಿಗೆ ಕಳೆಯಿತು. ಗೊಬ್ಬರ ಬೆರೆಸಿದ ಮಣ್ಣು ತಯಾರಿತ್ತು, ಚೊಂಬಿನಲ್ಲಿ ನೀರಿತ್ತು. ಅತ್ತೆ ಕೈಯಲ್ಲಿ ಬ್ಲೇಡ್ ಹಿಡಿದು ಕೂತೇ ಇದ್ದರು.

"ಕವರ್ ಸಮೇತ ಇಟ್ಟರೆ ಏನಾಗುತ್ತೆ?"

"ಬೇರು ಕವರಿನಲ್ಲೇ ಸುತ್ತುತ್ತೆ ಅತ್ತೆ. ನೆಲ ಇದೆ ಅಂತ ಅದಕ್ಕೆ ಗೊತ್ತಾಗಲ್ಲ."

ಅವರು ನನ್ನನ್ನೊಮ್ಮೆ ನೋಡಿ, ಬ್ಲೇಡನ್ನು ಮೇಲಿಂದ ಕೆಳಕ್ಕೆ ಎಳೆದರು. ಕಪ್ಪು ಪ್ಲಾಸ್ಟಿಕ್ಕು ಎರಡಾಗಿ ಬಿಚ್ಚಿಕೊಂಡಿತು. ಇಬ್ಬರೂ ಎರಡು ಕಡೆಯಿಂದ ಹಿಡಿದು ಇಳಿಸಿದೆವು. ಮಣ್ಣನ್ನು ಅತ್ತೆಯೇ ಕೈಯಿಂದ ಎಳೆದು, ಅಂಗೈಯಿಂದ ಅದುಮಿ ಕೂರಿಸಿದರು. ರಸ್ತೆಯಾಚೆ ಜಗಲಿಯ ಮೇಲೆ ಅಜ್ಜಿ ಕಾಲು ಮಡಿಸಿ ಕೂತು ನೋಡುತ್ತಿದ್ದರು. ಆಮೇಲೆ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮೇಸ್ತ್ರಿಗೆ ಫೋನ್ ಮಾಡಿದರು.

"ನಾಳೆ ಬರಬೇಡಿ ಮೇಸ್ತ್ರಿ. ಆ ಜಾಗಕ್ಕೆ ಒಬ್ಬರು ಬಂದಿದ್ದಾರೆ. ಇಲ್ಲ ಇಲ್ಲ, ಹೋಗೋರಲ್ಲ."

ಅವತ್ತು ರಾತ್ರಿಯೂ ನಾನು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಟೇಪ್ ತಂದು ಗಿಡವನ್ನು ಅಳೆದೆ. ನಾಲ್ಕು ಅಡಿ ಎರಡು ಇಂಚು. ಗಿಡದ ಹಿಂದಿನ ಗೋಡೆಗೆ ಬಳಿದ ಸುಣ್ಣ ಇನ್ನೂ ಹೊಚ್ಚಹೊಸದು. ಅದರ ಮೇಲೆ, ಸರಿಯಾಗಿ ಆ ಎತ್ತರಕ್ಕೆ, ಪೆನ್ಸಿಲಿನಲ್ಲಿ ಕಂಡೂ ಕಾಣದಂತೆ ಒಂದು ಗೆರೆ ಎಳೆದೆ. ಹಿಂದೆ ಸದ್ದಾಯಿತು. ಅತ್ತೆ ಎರಡು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದರು.

"ಅದೇನೇ ಅದು, ಮಳೆ ಬಂದರೆ ಹೋಗುತ್ತೆ" ಎಂದರು. "ಒತ್ತಿ ಎಳಿ."

ನಾನು ಒತ್ತಿ ಎಳೆದೆ.