ಅಂತಸ್ತಿನ ಏಣಿಯಿಂದ ಬೀಗರನ್ನು ಅಳೆದದ್ದು

ಭಾನುವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಕೆ.ಆರ್. ನಗರದ ನಮ್ಮ ಮನೆಯ ಮುಂದೆ ಕಾರು ನಿಂತಿತು. ತಂಗಿ ರೂಪಾಳನ್ನು ನೋಡಲು ಪಿರಿಯಾಪಟ್ಟಣದ ಕಡೆಯವರು ಬಂದಿದ್ದರು. ನೋಡುವುದು ಬರೀ ಶಾಸ್ತ್ರ. ಬಿ.ಎಡ್. ಓದುವಾಗಲೇ ಅವಳು ಆ ಹುಡುಗನನ್ನು ಮೆಚ್ಚಿದ್ದಳು. ಅಪ್ಪನಿಲ್ಲದ ಮನೆಗೆ ಯಜಮಾನನಾದ ನಾನು ಬಂದವರನ್ನು ಬರಮಾಡಿಕೊಂಡರೆ ಸಾಕಿತ್ತು. ಅದರಲ್ಲಿ ಕೆಡಿಸುವಂಥದ್ದೇನೂ ಇರಲಿಲ್ಲ.

ನಾನು ಇಂಗ್ಲಿಷ್ ಮೇಷ್ಟ್ರು. ಆ ವಾರವಿಡೀ ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ಗಂಡಸರ ಅಂತಸ್ತನ್ನು ಬೋರ್ಡಿನ ಮೇಲೆ ಏಣಿ ಬರೆದು ವಿವರಿಸಿದ್ದೆ. ತುದಿಯಲ್ಲಿ ಜಮೀನ್ದಾರ, ಕೆಳಗೆ ಪಾದ್ರಿ, ಸೈನ್ಯಾಧಿಕಾರಿ, ವ್ಯಾಪಾರಿ. ಜಮೀನ್ದಾರನ ಗುರುತು, ಕೈಯಲ್ಲಿ ಒಂದು ಕಲೆಯೂ ಇರದು.

ಹೆಂಗಸರು ನೇರ ಒಳಗೆ ಹೋದರು. ಹುಡುಗ ಹಿಂದೆ ಬೈಕಿನಲ್ಲಿ ಬರುತ್ತಿದ್ದ. ಉಳಿದವರು ಇಬ್ಬರು ಗಂಡಸರು. ಒಬ್ಬರದು ಬಿಳಿ ಅಂಗಿ, ಕಪ್ಪು ಕನ್ನಡಕ. ಇನ್ನೊಬ್ಬರದು ಮಾಸಿದ ಪಂಚೆ, ಮಸಿ ಬಳಿದಂಥ ಅಂಗೈ. ಏಣಿ ಕಣ್ಣ ಮುಂದೆ ಬಂತು.

ಕಾಲು ತೊಳೆಯಲು ಚೊಂಬಿನ ನೀರನ್ನು ಬಿಳಿ ಅಂಗಿಗೆ ಕೊಟ್ಟೆ.

"ಸಾರ್, ನಾನು ಅವ್ರಲ್ಲ..."

"ನಿಮ್ಮ ವಿನಯ ಗೊತ್ತಾಯ್ತು, ಕೂತ್ಕೊಳ್ಳಿ ಬೀಗರೇ," ಎಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿದೆ. ಇನ್ನೊಬ್ಬರಿಗೆ, "ಕೊಟ್ಟಿಗೆ ಹತ್ರ ನಲ್ಲಿ ಇದೆ, ಕೈ ತೊಳ್ಕೊ. ಆಮೇಲೆ ಹಣ್ಣಿನ ಬುಟ್ಟಿ ಇಳ್ಸು," ಎಂದೆ.

ಅವರು ಕೈ ತೊಳೆದು ಬಂದು ಬುಟ್ಟಿ ಇಳಿಸತೊಡಗಿದರು. ಎರಡನೆಯ ಬುಟ್ಟಿ ಇಳಿಸುವಷ್ಟರಲ್ಲಿ ಹುಡುಗ ಬಂದ.

"ಅಪ್ಪೋ, ನೀನ್ಯಾಕೆ ಬುಟ್ಟಿ ಹೊತ್ತಿದ್ದೀಯ? ಡ್ರೈವರಣ್ಣ ಎಲ್ಲಿ?"

ಡ್ರೈವರಣ್ಣ ದೊಡ್ಡ ಕುರ್ಚಿಯಲ್ಲಿ ಬೆವರುತ್ತಿದ್ದ.

ನಮ್ಮದು ಭತ್ತದ ನಾಡು, ಅವರದು ಹೊಗೆಸೊಪ್ಪಿನದು. ಹೊಗೆಸೊಪ್ಪು ಕೀಳುವವರ ಕೈಗೆ ಹತ್ತುವ ಅಂಟು ಸೋಪಿಗೂ ಹೋಗುವುದಿಲ್ಲವೆಂಬುದನ್ನು ನಾನು ಕಂಡವನಲ್ಲ. ಬೀಗರೋ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿಗೆ ಬೆಂಕಿ ಹಾಕಿ, ಹಾಗೆಯೇ ಕಾರು ಹತ್ತಿದ್ದರು.

ಇಲ್ಲಿಗೆ ಕ್ಷಮೆ ಕೇಳಿ ಸುಮ್ಮನಿರಬಹುದಿತ್ತು. ನಾನು ಕಾದಂಬರಿ ವಿವರಿಸಿದೆ. ಆ ಕಾಲದಲ್ಲಿ ದುಡಿಯದವರೇ ದೊಡ್ಡವರು ಎಂದೆ.

ಅವರು ಗಮನವಿಟ್ಟು ಕೇಳಿದರು. "ಅಂಗಾರೆ ಮೇಷ್ಟ್ರೇ, ಆ ಊರಲ್ಲಿ ಉಣ್ಣಕ್ಕೆ ಬೆಳೀತಿದ್ದೋರು ಯಾರು?"

ನಾನು ಜಮೀನ್ದಾರನಿಂದ ವ್ಯಾಪಾರಿಯವರೆಗೆ ಏಣಿಯನ್ನು ಮತ್ತೊಮ್ಮೆ ಹೇಳಿದೆ. ಅವರು ಕಾಫಿ ಮುಟ್ಟದೆ ಎದ್ದರು. "ತಿಳಿಸ್ತೀವಿ."

ಹೆಣ್ಣು ಹೆತ್ತವರ ಎದೆ ಒಡೆಯಲು ಈ ಒಂದು ಪದ ಸಾಕು. ಅಮ್ಮ ಊಟ ಬಿಟ್ಟಳು. ರೂಪಾ ನನ್ನೊಡನೆ ಮಾತು ಬಿಟ್ಟಳು. ನನಗೆ ಕಣ್ಣು ಮುಚ್ಚಿದರೆ ಬುಟ್ಟಿ ಹೊತ್ತ ಬೀಗರು.

"ಫೋನ್ ಮಾಡಿ ವಿವರಿಸ್ಲಾ?" ಎಂದು ಹೆಂಡತಿ ಲತಾಳನ್ನು ಕೇಳಿದೆ.

"ರೀ, ದಮ್ಮಯ್ಯ, ವಿವರಿಸೋದೊಂದು ಬುಟ್ಬುಡಿ."

ಹತ್ತು ದಿನವಾದ ಮೇಲೆ ರೂಪಾ ತಾನೇ ಬೀಗರಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದಳು. "ಮಾವ, ನಮ್ಮಣ್ಣ ಕೆಟ್ಟೋನಲ್ಲ ಕಣ್ರೀ. ಓದಿರೋದು ಜಾಸ್ತಿ, ನೋಡಿರೋದು ಕಡ್ಮೆ."

ಆ ಕಡೆಯಿಂದ ನಗು ಕೇಳಿಸಿತು. ನನ್ನ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ಯಾರೂ ಮಂಡಿಸಿಲ್ಲ.

"ಆಯ್ತು ಬುಡವ್ವ," ಎಂದರು ಬೀಗರು. "ನಾಳೆ ಲಗ್ನದ ಮಾತುಕತೆಗೆ ನಿಮ್ಮವ್ವನ್ನೂ ಅತ್ತಿಗೇನೂ ಕಳ್ಸು. ಮೇಷ್ಟ್ರು ಮನೆ ಕಾಯ್ಲಿ."

ಅಂದು ಬುಧವಾರ. ರಾತ್ರಿ ಒಮ್ಮೆಯೂ ಎಚ್ಚರವಾಗದೆ ಮಲಗಿದೆ. ಬೆಳಗ್ಗೆ ಎದ್ದಾಗ ಅಮ್ಮ, ಲತಾ ಇಬ್ಬರೂ ಪಿರಿಯಾಪಟ್ಟಣದ ಬಸ್ಸು ಹತ್ತಿಯಾಗಿತ್ತು. ಮನೆಯ ಯಜಮಾನನನ್ನು ಎಬ್ಬಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.