ಚೀಲಕ್ಕೆ ತಕ್ಕ ಕ್ಯಾಮೆರಾ

ಅಂಗಡಿಯವರು: ಹೋಗಲ್ಲಮ್ಮ. ಎಷ್ಟು ಒತ್ತಿದ್ರೂ ಒಳಗೆ ಹೋಗಲ್ಲ.

ಟೇಪಮ್ಮ: ಹೋಗುತ್ತೆ ಬಿಡಪ್ಪ. ಸ್ವಲ್ಪ ಓರೆ ಮಾಡಿ ತಳ್ಳು.

ಅಂಗಡಿಯವರು: ಓರೆ ಮಾಡಿದ್ರೆ ಗುಂಡಿ ಒತ್ತಿಕೊಳ್ಳುತ್ತೆ. ಚೀಲದೊಳಗೇ ಫೋಟೋ ತೆಗೆಯೋಕೆ ಶುರುಮಾಡುತ್ತೆ.

ಯಜಮಾನರು: ತೆಗೀಲಿ ಬಿಡಿ. ಒಳಗಿನ ಹೊಲಿಗೆ ಹೇಗೆ ಬಂದಿದೆ ಅಂತ ಹೊಲಿದವರಿಗೂ ಗೊತ್ತಾಗ್ಲಿ.

ಟೇಪಮ್ಮ: ನಿಮ್ಮನ್ನ ಇಲ್ಲಿ ಯಾರೂ ಕೇಳಲಿಲ್ಲ.

ಕ್ಯಾಮೆರಾ ಅಂಗಡಿಯ ಗಾಜಿನ ಮೇಜಿನ ಮುಂದೆ ಒಂದು ಗಂಟೆಯಿಂದ ಈ ಹಗ್ಗಜಗ್ಗಾಟ ನಡೆದಿತ್ತು. ಟೇಪಮ್ಮ ಎಂದರೆ ಆ ಬೀದಿಯ ತುದಿಯ ದರ್ಜಿ ಅಂಗಡಿಯಾಕೆ. ಅಳತೆಯ ಟೇಪು ಆಕೆಯ ಕೊರಳಿಂದ ಇಳಿಯುವುದು ಮಲಗುವಾಗ ಮಾತ್ರ. ಹೀಗಾಗಿ ಹೆತ್ತವರು ಇಟ್ಟ ಹೆಸರು ಏನೆಂಬುದು ಬೀದಿಗೆ ಮರೆತೇ ಹೋಗಿತ್ತು. ಪಕ್ಕದಲ್ಲಿ ನಿಂತ ಯಜಮಾನರು ಆಕೆಯ ಗಂಡ. ಅದೇ ದರ್ಜಿ ಅಂಗಡಿಯ ಕಿಟಕಿ ಪಕ್ಕ ಕೂತು ಕೈಗಡಿಯಾರ ರಿಪೇರಿ ಮಾಡುತ್ತಾರೆ. ಮೂವತ್ತೆಂಟು ವರ್ಷ ಒಂದೇ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿದಿದ್ದಳು, ಗಂಡ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆ ಗಾತ್ರದ ಸ್ಕ್ರೂ ತಿರುಗಿಸಿದ್ದರು. ಜಗಳವೊಂದನ್ನು ಮಾತ್ರ ಇಬ್ಬರೂ ಸೇರಿ ಮಾಡಿದ್ದರು.

ಈ ತಿಂಗಳು ಮುಗಿದರೆ ಹೊಲಿಗೆ ಸಾಕು ಎಂದು ಟೇಪಮ್ಮ ಮನೆಯಲ್ಲಿ ಸಾರಿಬಿಟ್ಟಿದ್ದಳು. ಕಣ್ಣು ಮಂಜಾಗಿದೆ ಎಂದು ಕಾರಣ ಕೊಟ್ಟಿದ್ದಳು. ಪಾಪ, ಕಣ್ಣಿನದೇನೂ ತಪ್ಪಿರಲಿಲ್ಲ. ಈಚೆಗೆ ಬಲಗೈ ಹೇಳದೆ ಕೇಳದೆ ಅದುರುತ್ತಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ ಎಂದೇ ನಂಬಿದ್ದಳು. ಕೊನೆಯ ಹದಿನಾಲ್ಕು ಬಟ್ಟೆ ಹೊಲಿದು ಸರಳಿಗೆ ತೂಗುಹಾಕಿದ್ದಾಗಿತ್ತು. ಅವು ಗಿರಾಕಿಗಳ ಕೈ ಸೇರುವ ಮೊದಲು ಒಂದೊಂದರ ಫೋಟೋ ತೆಗೆದಿಟ್ಟುಕೊಳ್ಳಬೇಕು. ಊರಿಗೆಲ್ಲ ಹೊಲಿದುಕೊಟ್ಟ ಬಟ್ಟೆಯಲ್ಲಿ ತನ್ನದೆಂದು ತೋರಿಸಲು ಒಂದು ತೋಳೂ ಮನೆಯಲ್ಲಿ ಉಳಿದಿರಲಿಲ್ಲ.

ಅದಕ್ಕೇ ಕ್ಯಾಮೆರಾ. ಆದರೆ ಉತ್ಸಾಹದಲ್ಲಿ ಮೊದಲು ಹೊಲಿದದ್ದು ಅದರ ಚೀಲ. ನೀಲಿ ಬಟ್ಟೆ, ಒಳಗೆ ಹತ್ತಿ, ಮೇಲೊಂದು ಗುಂಡಿ.

ಅಂಗಡಿಯವರು: ಅಮ್ಮ, ಕ್ಯಾಮೆರಾ ತಗೊಂಡಮೇಲೆ ಅಲ್ವಾ ಚೀಲ ಹೊಲಿಯೋದು?

ಟೇಪಮ್ಮ: ಪಕ್ಕದ ಮನೆ ಮೇಷ್ಟ್ರು ಒಂದಿನ ಕಾಂಪೌಂಡ್ ಹತ್ರ ಕ್ಯಾಮೆರಾ ಹಿಡ್ಕೊಂಡು ನಿಂತಿದ್ರು. ಕಣ್ಣಳತೆಯಲ್ಲೇ ಹೊಲಿದೆ.

ಯಜಮಾನರು: ಟೇಪು ಹಿಡಿಯದೆ ಕತ್ತರಿ ಮುಟ್ಟಲ್ಲ ಅಂತ ಎಷ್ಟು ಜನ ಗಿರಾಕಿಗಳನ್ನ ವಾಪಸ್ ಕಳಿಸಿದ್ದಾಳೆ ಕೇಳಿ. ಒಬ್ಬರು ಸತ್ತುಹೋದ ಭಾವನ ಹಳೇ ಅಂಗಿ ತಂದು ಇದೇ ಅಳತೆ ಅಂದ್ರೆ, ಭಾವನ್ನೇ ಕರ್ಕೊಂಡು ಬನ್ನಿ ಅಂದಿದ್ಲು.

ಟೇಪಮ್ಮ: ಅವರು ಸತ್ತಿದ್ದಾರೆ ಅಂತ ಮೊದಲೇ ಹೇಳಬೇಕಿತ್ತು.

ಅಂಗಡಿಯವರು ನಗು ತಡೆದುಕೊಂಡು ಕೆಳಗಿನ ಅರೆಯಿಂದ ಇನ್ನೊಂದು ಡಬ್ಬಿ ತೆಗೆದರು. ನಲವತ್ತು ದಾಟಿದ ತಾಳ್ಮೆಯ ಮನುಷ್ಯ. ಆದರೆ ಆ ತಾಳ್ಮೆಯ ಹೊಲಿಗೆಯೂ ಅಲ್ಲಲ್ಲಿ ಬಿಚ್ಚತೊಡಗಿರುವುದು ಟೇಪಮ್ಮನಿಗೆ ಕಾಣುತ್ತಿತ್ತು.

ಅಂಗಡಿಯವರು: ಫೋನಲ್ಲೇ ತೆಗೀಬಹುದಿತ್ತಲ್ಲಮ್ಮ?

ಟೇಪಮ್ಮ: ನಮ್ಮ ಫೋನಲ್ಲಿ ಬರೀ ಮಾತು ಬರೋದು. ಅದೂ ಇವರು ಕಿವಿಗೆ ಹಿಡಿದಿದ್ರೆ ಪದೇ ಪದೇ "ಆಂ, ಆಂ" ಅನ್ನೋದೊಂದೇ.

ಅಂಗಡಿಯವರು: ಸರಿ. ಎಷ್ಟು ಮೆಗಾಪಿಕ್ಸೆಲ್ ನೋಡ್ತಿದ್ದೀರಿ?

ಟೇಪಮ್ಮ: ಅದೇನೋ ನನಗೆ ಗೊತ್ತಿಲ್ಲಪ್ಪ. ಕಾಲರಿನ ಹೊಲಿಗೆ ಎಣಿಸೋ ಹಾಗಿರಬೇಕು.

ಅಂಗಡಿಯವರು: ಇವೆಲ್ಲದರಲ್ಲೂ ಎಣಿಸಬಹುದು. ಜೂಮ್ ಬೇಕಾ? ದೂರದ್ದನ್ನ ಹತ್ತಿರ ತರುತ್ತೆ.

ಯಜಮಾನರು: ಹತ್ತಿರದ್ದನ್ನ ಇನ್ನೂ ಹತ್ತಿರ ತರುತ್ತಾ?

ಅಂಗಡಿಯವರು: ಎಷ್ಟು ಹತ್ತಿರ?

ಯಜಮಾನರು: ಗಡಿಯಾರದ ಹಲ್ಲುಚಕ್ರದಲ್ಲಿ ಒಂದು ಹಲ್ಲು ಮುರಿದಿದ್ರೆ ಕಾಣಬೇಕು.

ಟೇಪಮ್ಮ: ಹದಿನಾಲ್ಕು ಬಟ್ಟೆ ಆಗೋವರೆಗೂ ನಿಮ್ಮ ಹಲ್ಲು ಬಾಯೊಳಗೇ ಇರ್ಲಿ.

ಹೊಸ ಡಬ್ಬಿಯಿಂದ ಹೊರಬಂದ ಕ್ಯಾಮೆರಾ ಸಾಬೂನಿನ ಬಿಲ್ಲೆಯಷ್ಟೇ ಇತ್ತು. ಟೇಪಮ್ಮ ಅದನ್ನು ಚೀಲಕ್ಕೆ ಹಾಕಿದಳು. ಸರಾಗವಾಗಿ ಒಳಗೆ ಇಳಿಯಿತು, ಗುಂಡಿ ಹಾಕಲೂ ಬಂತು. ಆಕೆಯ ಮುಖ ಅರಳಿತು.

ಟೇಪಮ್ಮ: ನೋಡಿದ್ಯಾ, ಇದಕ್ಕೇ ಹೊಲಿದ ಹಾಗಿದೆ. ಇದೇ ಇರ್ಲಿ, ಕಟ್ಟಿಕೊಡು.

ಅಂಗಡಿಯವರು: ಒಂದು ಫೋಟೋ ಆದ್ರೂ ತೆಗೆದು ನೋಡಿ. ನಾನೇ ನಿಲ್ತೀನಿ.

ಟೇಪಮ್ಮ ಎರಡೂ ಕೈಯಲ್ಲಿ ಹಿಡಿದು, ತುಟಿ ಕಚ್ಚಿ, ಗುಂಡಿ ಒತ್ತಿದಳು. ಮೂವರೂ ಪರದೆಯ ಮೇಲೆ ಬಾಗಿದರು. ಕುತ್ತಿಗೆಯಿಂದ ಸೊಂಟದವರೆಗೆ ಒಂದು ಅಂಗಿ ಇತ್ತು. ಅದಕ್ಕೆ ತಲೆ ಇರಲಿಲ್ಲ.

ಅಂಗಡಿಯವರು: ನಾನೆಲ್ಲಿ?

ಟೇಪಮ್ಮ: ಇದೇನಪ್ಪ, ನೀನೇ ತಾನೇ?

ಅಂಗಡಿಯವರು: ತಲೆ ಇಲ್ವಲ್ಲಮ್ಮ.

ಟೇಪಮ್ಮ: ತಲೆಗೆ ನಾನು ಯಾವತ್ತು ಹೊಲಿದಿದ್ದೀನಿ? ಮೂವತ್ತೆಂಟು ವರ್ಷ ಕುತ್ತಿಗೆಯಿಂದ ಕೆಳಗೇ ನೋಡಿದ್ದು. ಬೀದೀಲಿ ಯಾರಾದ್ರೂ ನಮಸ್ಕಾರ ಅಂದ್ರೂ ಮೊದಲು ಅಂಗಿ ನೋಡಿ, ಆಮೇಲೆ ಯಾರು ಅಂತ ತಿಳ್ಕೋತೀನಿ. ಅಂದಹಾಗೆ ನಿನ್ನ ಎರಡನೇ ಗುಂಡಿಯ ದಾರ ಬಿಡ್ತಾ ಇದೆ.

ಯಜಮಾನರು: ನನ್ನನ್ನ ಗುರುತು ಹಿಡಿಯೋದೂ ಹಾಗೇ. ಹೊಸ ಅಂಗಿ ಹಾಕಿದ ದಿನ ಬಾಗಿಲಲ್ಲಿ ನಿಲ್ಲಿಸಿ ಯಾರು ಬೇಕಿತ್ತು ಅಂದಿದ್ಲು.

ಅಂಗಡಿಯವರು: ಅದಿರ್ಲಿ ಅಮ್ಮ, ಫೋಟೋ ಸ್ವಲ್ಪ ಕಲಸಿದ ಹಾಗಿದೆ.

ಟೇಪಮ್ಮ: ನೀನು ಅಲ್ಲಾಡಿದೆ.

ಅಂಗಡಿಯವರು: ಕಂಬದ ಹಾಗೆ ನಿಂತಿದ್ದೆ.

ಟೇಪಮ್ಮ ಈ ಸಲ ಗೋಡೆಯ ಕಪಾಟನ್ನು ಗುರಿ ಹಿಡಿದಳು. ಉಸಿರು ಬಿಗಿಹಿಡಿದು ಒತ್ತಿದಳು. ಕಪಾಟೂ ಕಲಸಿಕೊಂಡೇ ಬಂತು.

ಅಂಗಡಿಯವರು: ಈಗ?

ಟೇಪಮ್ಮ: ಕಪಾಟಿನ ಕಾಲು ಸರಿಯಿಲ್ಲ ಅನ್ಸುತ್ತೆ.

ಅಂಗಡಿಯವರು: ಅದನ್ನ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೀವಿ.

ಟೇಪಮ್ಮ: ಹಾಗಾದ್ರೆ ಗೋಡೆ.

ಹೇಳಿಬಿಟ್ಟ ಮೇಲೆ ಆಕೆಗೇ ನಾಚಿಕೆಯಾಯಿತು. ಒಂದು ಕೈ ಅದುರುವುದನ್ನು ಮುಚ್ಚಿಡಲು ಇಡೀ ಕಟ್ಟಡವನ್ನೇ ಅಲ್ಲಾಡಿಸಿದ್ದಾಯಿತು. ಇನ್ನೇನು ಬಾಕಿ, ಭೂಮಿ ಒಂದು. ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಅಂಗಡಿಯವರು ಏನೂ ಕಾಣದವರಂತೆ, ಚೀಲದಲ್ಲಿ ಹಿಡಿಸದೆ ಸೋತಿದ್ದ ಮೊದಲಿನ ಕ್ಯಾಮೆರಾವನ್ನು ಮುಂದಕ್ಕೆ ಸರಿಸಿದರು.

ಅಂಗಡಿಯವರು: ಇದು ಅದಕ್ಕಿಂತ ಒಂದು ಬೆರಳು ಹೆಚ್ಚು ದಪ್ಪ, ನಿಜ. ಆದ್ರೆ ಇದರಲ್ಲಿ ಸ್ಟೆಬಿಲೈಸರ್ ಇದೆ. ತೆಗೆಯೋರ ಕೈ ಸ್ವಲ್ಪ ನಡುಗಿದ್ರೂ ಫೋಟೋ ನಡುಗಲ್ಲ.

ಟೇಪಮ್ಮ: ಇಲ್ಲಿ ಯಾರ ಕೈ ನಡುಗುತ್ತೆ?

ಅಂಗಡಿಯವರು: ಯಾರದ್ದೂ ಅಂದಿಲ್ಲಮ್ಮ. ಎಲ್ಲರಿಗೂ ಹೇಳೋ ಮಾತು ಹೇಳಿದೆ.

ಟೇಪಮ್ಮ: ಎಲ್ಲರಿಗೂ ಹೇಳ್ಕೋ. ನನಗೆ ಚೀಲದಲ್ಲಿ ಹಿಡಿಸೋದೇ ಬೇಕು.

ಯಜಮಾನರು: ಲೇ, ಫೋಟೋ ಕೆಟ್ಟುಹೋದ್ರೂ ಪರವಾಗಿಲ್ಲ, ಚೀಲ ಚೆನ್ನಾಗಿರಬೇಕು ಅಂತೀಯಾ?

ಟೇಪಮ್ಮ: ಹೌದು.

ಯಜಮಾನರು: ಹಾಗಾದ್ರೆ ಕ್ಯಾಮೆರಾ ಯಾಕೆ? ಒಂದು ಸಾಬೂನು ಹಾಕಿ ಗುಂಡಿ ಹಾಕು.

ಟೇಪಮ್ಮ ಮುಖ ತಿರುಗಿಸಿದಳು. ಯಜಮಾನರು ದಪ್ಪದ ಕ್ಯಾಮೆರಾ ಎತ್ತಿಕೊಂಡರು. ಅಭ್ಯಾಸಬಲ; ಎಡಗಣ್ಣು ಮುಚ್ಚಿ, ಪರದೆಯನ್ನು ಬಲಗಣ್ಣಿಗೇ ಒತ್ತಿಹಿಡಿದರು.

ಅಂಗಡಿಯವರು: ಸರ್, ಅದನ್ನ ದೂರದಿಂದ ನೋಡಬೇಕು. ಕಣ್ಣಿಗೆ ಸಿಕ್ಕಿಸೋದಲ್ಲ.

ಯಜಮಾನರು: ಬಂತು ಬಂತು.

ಬಂದಿದ್ದು ಎದುರು ಗೋಡೆಯ ಗಡಿಯಾರ. ಕೂದಲಿನಷ್ಟು ತೆಳುವಾದ ಸೆಕೆಂಡಿನ ಮುಳ್ಳೂ ಗೆರೆ ಎಳೆದಂತೆ ಸ್ಪಷ್ಟವಾಗಿತ್ತು.

ಯಜಮಾನರು: ನಿಮ್ಮ ಗಡಿಯಾರ ಏಳು ನಿಮಿಷ ಹಿಂದಿದೆ.

ಅಂಗಡಿಯವರು: ಸರ್, ನೀವು ಕ್ಯಾಮೆರಾ ನೋಡೋಕೆ ಬಂದಿದ್ದೀರಿ.

ಯಜಮಾನರು: ನೋಡಿದೆ. ಇದನ್ನೇ ಕೊಡಿ. ನನಗೆ ಬೇಕು.

ಟೇಪಮ್ಮ: ನಿಮಗ್ಯಾಕೆ ಆ ದಪ್ಪದ್ದು?

ಯಜಮಾನರು: ಅದು... ನನ್ನ ಕೈ ನಡುಗುತ್ತೆ.

ಟೇಪಮ್ಮ ಗಂಡನ ಕಡೆ ತಿರುಗಿದಳು. ತನ್ನ ಕೈ ಹೋದರೆ ಬಟ್ಟೆಯಷ್ಟೇ ಸೊಟ್ಟಗಾಗುತ್ತದೆ. ಉಸಿರು ತಾಗಿದರೂ ಹಾರಿಹೋಗುವ ಸ್ಕ್ರೂ ಹಿಡಿಯುವ ಇವರ ಕೈಗೆ ಏನಾಯಿತು? ಇಷ್ಟು ದಿನ ಒಂದೇ ಕೋಣೆಯಲ್ಲಿ ಕೂತು ತನ್ನ ಬೆರಳನ್ನು ಬಚ್ಚಿಡುವ ಗಡಿಬಿಡಿಯಲ್ಲಿ ಗಂಡನ ಬೆರಳನ್ನು ನೋಡಲೇ ಇಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಟೇಪಮ್ಮ: ಯಾವಾಗಿಂದ ರೀ?

ಯಜಮಾನರು: ಸ್ವಲ್ಪ ದಿನ ಆಯ್ತು.

ಟೇಪಮ್ಮ: ಯಾವ ಕೈ?

ಯಜಮಾನರು: ಬಲಗೈ.

ಟೇಪಮ್ಮ: ಯಾವ ಹೊತ್ತಲ್ಲಿ?

ಯಜಮಾನರು: ಸೂಜಿಗೆ ದಾರ ಪೋಣಿಸುವಾಗ.

ಅಂಗಡಿಯವರು ಕೆಮ್ಮಿ, ಗಾಜು ಒರೆಸಲು ಶುರುಮಾಡಿದರು. ಟೇಪಮ್ಮ ಗಂಡನ ಬಲಗೈ ನೋಡಿದಳು. ಅದು ಮೇಜಿನ ಮೇಲೆ ತಕ್ಕಡಿಯ ಕಬ್ಬಿಣದ ಬಟ್ಟಿನಂತೆ ಅಲುಗದೆ ಕೂತಿತ್ತು. ಆಕೆ ನೋಡುತ್ತಿರುವುದು ಗಮನಕ್ಕೆ ಬಂದೊಡನೆ ಯಜಮಾನರು ಅದನ್ನು ಅವಸರವಾಗಿ ನಡುಗಿಸತೊಡಗಿದರು. ಅಲಾರಂ ಹೊಡೆದುಕೊಂಡಂತೆ ಮೇಜೆಲ್ಲ ಗಡಗಡ ಎಂದಿತು.

ಟೇಪಮ್ಮ: ಸಾಕು ನಿಲ್ಲಿಸಿ, ಗಾಜು ಒಡೆದೀತು. ಅಷ್ಟು ನಡುಗೋರು ಬದುಕಿರಲ್ಲ.

ಯಜಮಾನರು: ಜಾಸ್ತಿ ಆಯ್ತಾ?

ಟೇಪಮ್ಮ: ಯಾವತ್ತು ಗೊತ್ತಾಯ್ತು ನಿಮಗೆ?

ಯಜಮಾನರು: ನೀನು ಅಡುಗೆಮನೆಗೆ ಹೋಗಿ ಬಂದಾಗಲೆಲ್ಲ ಸೂಜೀಲಿ ದಾರ ಇರುತ್ತಿತ್ತಲ್ಲ. ಅದನ್ನ ಯಾರು ಪೋಣಿಸ್ತಿದ್ರು ಅಂದ್ಕೊಂಡಿದ್ದೆ?

ಟೇಪಮ್ಮ: ನಾನೇ ಪೋಣಿಸಿಟ್ಟು ಮರೆತೆ ಅಂದ್ಕೊಂಡೆ. ಕೈ ಜೊತೆ ಬುದ್ಧೀನೂ ಹೋಗ್ತಿದೆ ಅಂತ ಹೆದರಿ ಎರಡು ತಿಂಗಳು ನಿದ್ದೆಗೆಟ್ಟಿದ್ದೀನಿ, ಗೊತ್ತಾ?

ಯಜಮಾನರು: ಕೇಳಬಹುದಿತ್ತು.

ಟೇಪಮ್ಮ: ಹೇಳಬಹುದಿತ್ತು.

ಅಂಗಡಿಯವರು ಒರೆಸಿದ ಗಾಜನ್ನೇ ಮತ್ತೆ ಒರೆಸಿದರು.

ಟೇಪಮ್ಮ: ಆ ದಪ್ಪದ್ದನ್ನ ಇಲ್ಲಿ ಕೊಡಪ್ಪ. ನೋಡೇಬಿಡೋಣ.

ಸೆರಗಿನಿಂದ ಬಲಗೈ ಹೊರಗೆ ಬಂತು. ಅದುರುತ್ತಲೇ ಬಂತು, ಆಕೆ ಬಚ್ಚಿಡಲಿಲ್ಲ. ಕ್ಯಾಮೆರಾವನ್ನು ಗಂಡನ ಕಡೆ ಹಿಡಿದಳು. ಅಂಗಿಯ ಜೇಬಿಗೆ ನೆಟ್ಟಿದ್ದ ನೋಟವನ್ನು ಕಷ್ಟಪಟ್ಟು ಒಂದು ಗೇಣು ಮೇಲಕ್ಕೆ ಎತ್ತಿದಳು. ಒತ್ತಿದಳು.

ಪರದೆಯ ಮೇಲೆ ಯಜಮಾನರಿದ್ದರು, ತಲೆ ಸಮೇತ. ಹುಬ್ಬಿನ ಬಿಳಿಕೂದಲನ್ನು ಎಣಿಸಬಹುದಿತ್ತು. ಒಂದಿಷ್ಟೂ ಕಲಸಿರಲಿಲ್ಲ.

ಅಂಗಡಿಯವರು: ನೋಡಿ ಅಮ್ಮ, ಎಷ್ಟು ಚೆನ್ನಾಗಿ ಬಂದಿದೆ.

ಯಜಮಾನರು: ನನಗೆ ಇಷ್ಟು ವಯಸ್ಸಾಗಿದೆಯಾ?

ಟೇಪಮ್ಮ: ನನಗೂ ಈಗಲೇ ಗೊತ್ತಾಗಿದ್ದು. ಇಷ್ಟು ವರ್ಷ ಕಾಲರಿನವರೆಗೇ ನೋಡಿದ್ದೆ, ಅಲ್ಲಿವರೆಗೂ ಚೆನ್ನಾಗೇ ಇದ್ರಿ.

ಅಂಗಡಿಯವರು ಈ ಸಲ ನಗು ತಡೆಯಲಿಲ್ಲ. ದಪ್ಪದ ಕ್ಯಾಮೆರಾವನ್ನು, ಚಾರ್ಜರನ್ನು, ಮೆಮೊರಿ ಕಾರ್ಡನ್ನು ಡಬ್ಬಿಗೆ ಹಾಕಿದರು. ನೀಲಿ ಚೀಲ ಮೇಜಿನ ಮೇಲೆ ಬಾಯ್ತೆರೆದುಕೊಂಡು ಬಿದ್ದಿತ್ತು. ಅದನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿದರು. ಹೊಲಿಗೆ ಇರುವೆ ಸಾಲಿನ ಹಾಗೆ ಅತ್ತ ಇತ್ತ ಹೋಗಿತ್ತು.

ಅಂಗಡಿಯವರು: ಇದನ್ನೇನು ಮಾಡ್ತೀರಮ್ಮ? ಚಿಕ್ಕದಾಯ್ತಲ್ಲ.

ಟೇಪಮ್ಮ ಕೊರಳಿನ ಟೇಪು ತೆಗೆದು, ಡಬ್ಬಿಯಿಂದ ಕ್ಯಾಮೆರಾವನ್ನು ಮತ್ತೆ ಹೊರಗೆ ತೆಗೆಸಿ, ಉದ್ದ, ಅಗಲ, ದಪ್ಪ ಮೂರನ್ನೂ ಅಳೆದಳು. ಎರಡು ಸಲ ಅಳೆದಳು.

ಟೇಪಮ್ಮ: ಅಳತೆ ತಗೊಳ್ಳದೆ ಹೊಲಿದ ದರ್ಜೀನ ಈ ತಿಂಗಳೇ ಕೆಲಸದಿಂದ ತೆಗೆದುಹಾಕಬೇಕು ಅಂತಿದ್ದೆ ಕಣಪ್ಪ. ಆದ್ರೆ ಇದನ್ನ ಬಿಚ್ಚಿ ಹೊಲಿಯೋಕೆ ಬೇರೆ ದರ್ಜಿಗಳು ಯಾರೂ ಒಪ್ಪಲ್ಲ. ಸದ್ಯಕ್ಕೆ ಅವಳನ್ನೇ ಕೆಲಸದಲ್ಲಿ ಇಟ್ಕೋತೀನಿ. ಸೂಜಿಗೆ ದಾರ ಪೋಣಿಸೋಕೆ ಒಬ್ಬ ಆಳು ಹೇಗೂ ಇದ್ದಾರಂತೆ.