ಡಾಕ್ಟರ ಕುರ್ಚಿಗೆ ಬಿದ್ದ ಇಂಜೆಕ್ಷನ್

ಬೆಳಗಿನಿಂದ ಸಂಜೆವರೆಗೆ ಗೇಣುದ್ದದ ದಬ್ಬಳ ಹಿಡಿದು ಸೋಫಾ, ಕುರ್ಚಿಗಳ ಮೆತ್ತೆ ಹೊಲಿಯುವ ಮೆತ್ತೆ ಮಾಮನಿಗೆ ಉಗುರುದ್ದದ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಚುಚ್ಚುವವನ ಕಷ್ಟ ಬೇರೆ, ಚುಚ್ಚಿಸಿಕೊಳ್ಳುವವನ ಕಷ್ಟ ಬೇರೆ ಸ್ವಾಮಿ!

ಈ ಸಲ ಮಾತ್ರ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹತ್ತು ವರ್ಷದ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿರಲಿಲ್ಲ, ಮೈತೂಕ ನೂರು ಕಿಲೋ ದಾಟಿತ್ತು. ಇದೇ ಕಾಯಿಲೆಯಲ್ಲಿ ಅವನ ಅಣ್ಣ ಒಂದು ಕಾಲು ಕಳೆದುಕೊಂಡಿದ್ದ. ಹೊಲಿಗೆ ಯಂತ್ರ ತುಳಿಯುವ ತನ್ನ ಕಾಲು ನೋಡಿದಾಗಲೆಲ್ಲ ಮಾಮನ ಎದೆ ಧಸಕ್ಕೆನ್ನುತ್ತಿತ್ತು.

"ವಾರಕ್ಕೊಂದು ಇಂಜೆಕ್ಷನ್. ತೂಕವೂ ಇಳಿಯುತ್ತೆ, ಶುಗರ್ರೂ ಇಳಿಯುತ್ತೆ," ಅಂದಿದ್ದರು ಡಾಕ್ಟರು. ನರ್ಸಮ್ಮ ಎರಡು ಪೆನ್ನು ಕೊಟ್ಟು, "ಒಂದು ಕಲಿಯೋಕೆ, ಒಂದು ಹಾಕ್ಕೊಳ್ಳೋಕೆ. ಮೊದಲು ದಿಂಬಿನ ಮೇಲೆ ಒತ್ತಿ ಅಭ್ಯಾಸ ಮಾಡಿ," ಅಂದಿದ್ದಳು. ಇನ್ನೂ ಏನೇನೋ ಹೇಳಿದಳು. ಮಾಮನ ಕಣ್ಣು ಸೂಜಿ ಹುಡುಕುತ್ತಿದ್ದುದರಿಂದ ಕಿವಿ ಕೆಲಸ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಫ್ರಿಜ್ಜಿನಿಂದ ಎರಡೂ ಪೆನ್ನು ತಂದು ಅಂಗಡಿಯಲ್ಲಿಟ್ಟಳು. ಎದುರಿಗೇ ಡಾಕ್ಟರ ಚಕ್ರದ ಕುರ್ಚಿ ಇತ್ತು. ಹೊಸ ಮೆತ್ತೆ ಹಾಕಿ ಆಗಿತ್ತು, ಇವತ್ತು ಕ್ಲಿನಿಕ್ಕಿಗೆ ಮುಟ್ಟಿಸಬೇಕಿತ್ತು. ಮಾಮ ಕೈಗೆ ಸಿಕ್ಕ ಪೆನ್ನನ್ನು ಅದರ ಮೇಲೆ ಒತ್ತಿದ. ಟಕ್. ಕುರ್ಚಿ ಕಿರುಚಲಿಲ್ಲ. ಅಷ್ಟು ಧೈರ್ಯ ಸಾಕಾಯಿತು. ಇನ್ನೊಂದನ್ನು ಹೊಟ್ಟೆಗೆ ಒತ್ತಿ, ಕಣ್ಣು ಮುಚ್ಚಿ, ಇದ್ದಬದ್ದ ದೇವರನ್ನೆಲ್ಲ ನೆನೆದ. ಟಕ್.

ನೋವೇ ಆಗಲಿಲ್ಲ. ಭಯ ಶುರುವಾದದ್ದೇ ಅಲ್ಲಿಂದ.

"ಲೇ, ನೋವಾಗ್ಲಿಲ್ಲ ಕಣೇ! ನರ ಸತ್ತುಹೋಗಿದೆಯೇನೋ!"

"ನೋವಾದ್ರೂ ಕೂಗ್ತೀರಿ, ಆಗದಿದ್ರೂ ಕೂಗ್ತೀರಿ. ಸುಮ್ನಿರಿ ಅತ್ಲಾಗೆ," ಅಂದಳು ಹೆಂಡತಿ.

ಕೂಗು ಕೇಳಿ ಪಕ್ಕದಂಗಡಿಯ ಬೀಗದವ ಓಡಿಬಂದ. "ಅಯ್ಯೋ, ಆ ಇಂಜೆಕ್ಷನ್ನಾ? ನಮ್ಮ ಷಡ್ಡಕ ಹಾಕಿಸ್ಕೊಂಡು ಮೂರು ದಿನ ಬಚ್ಚಲಲ್ಲೇ ಸಂಸಾರ ಮಾಡಿದ."

ಮಾತು ಮುಗಿಯುವ ಮೊದಲೇ ಮಾಮನಿಗೆ ಹೊಟ್ಟೆ ತೊಳಸಿತು. ಎದುರಂಗಡಿಯ ಗಡಿಯಾರದವ ಬಂದು ನಾಡಿ ಹಿಡಿದ.

"ಒಮ್ಮೆಗೇ ಶುಗರ್ ಇಳಿದು ತಲೆ ತಿರುಗುತ್ತಂತೆ," ಅಂದ. ತಿರುಗಿತು.

"ಮೈಯೆಲ್ಲ ಬೆವರುತ್ತಂತೆ." ಬೆವರಿತು.

"ಕೈಕಾಲು ಜುಮ್ಮೆನ್ನುತ್ತಂತೆ."

"ಕಾಲಾ?" ಮಾಮನ ಧ್ವನಿಯೇ ಉಡುಗಿತು. "ಲೇ, ಅಣ್ಣನಿಗೂ ಹೀಗೇ ಶುರುವಾಗಿದ್ದು ಕಣೇ..." ಅಲ್ಲಿಯವರೆಗೆ ನಗುತ್ತಿದ್ದ ಹೆಂಡತಿಗೂ ಈಗ ಅಳು ಬಂತು.

"ಅಕ್ಕಾ, ಸಕ್ಕರೆ ತನ್ನಿ!" ಬೀಗದವ ಅಬ್ಬರಿಸಿದ. ಆರು ಚಮಚ ಸಕ್ಕರೆ ಒಂದೇ ಲೋಟದಲ್ಲಿ ಕರಗಿ ಮಾಮನ ಬಾಯಿಗೆ ಬಿತ್ತು. ಹತ್ತು ವರ್ಷದಿಂದ ಕದ್ದು ನೆಕ್ಕುತ್ತಿದ್ದ ಸಕ್ಕರೆ ಇವತ್ತು ರಾಜಾರೋಷವಾಗಿ ಗಂಟಲಿಳಿಯಿತು. ಸಾಯುವ ಹೊತ್ತಿನಲ್ಲೂ ರುಚಿಯಾಗೇ ಇತ್ತು.

ತಿರುಗುವ ತಲೆ ಮಾತ್ರ ನಿಲ್ಲಲಿಲ್ಲ. ಇನ್ನೆರಡು ಲೋಟ ಕುಡಿಸಿ, ಮಾಮನನ್ನು ಡಾಕ್ಟರ ಕುರ್ಚಿಯಲ್ಲೇ ಕೂರಿಸಿ, ಬೀಗದವ ಹಿಂದಿನಿಂದ ತಳ್ಳಿದ, ಗಡಿಯಾರದವ ಮುಂದಿನಿಂದ ಎಳೆದ, ಹೆಂಡತಿ ಪೆನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಜೊತೆಗೆ ಓಡಿದಳು. ಬೀದಿಯ ಜನರೆಲ್ಲ ಬಾಗಿಲಿಗೆ ಬಂದು ನಿಂತರು. ತಿರುವಿನಲ್ಲಿ ಕುರ್ಚಿ ಗಿರಗಿರ ಎರಡು ಸುತ್ತು ಹೊಡೆಯಿತು. "ನನ್ನ ಕಥೆ ಮುಗೀತು," ಅಂದ ಮಾಮ.

ಕ್ಲಿನಿಕ್ಕಿನಲ್ಲಿ ನರ್ಸಮ್ಮ ಅವನನ್ನು ಮಂಚಕ್ಕೆ ದಾಟಿಸಿ, ಬೆರಳಿಗೆ ಚುಚ್ಚಿ ಶುಗರ್ ನೋಡಿ ಹುಬ್ಬೇರಿಸಿದಳು. "ಇಳಿಯೋದಿರಲಿ, ಮುನ್ನೂರ ತೊಂಬತ್ತು! ಎಲ್ಲಿ, ಹೊಟ್ಟೆಗೆ ಒತ್ತಿದ ಪೆನ್ನು ಕೊಡಿ."

ಹೆಂಡತಿ ಚೀಲದಿಂದ ತೆಗೆದುಕೊಟ್ಟಳು. ನರ್ಸಮ್ಮ ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು. "ಇದು ಕಲಿಯೋ ಪೆನ್ನು ಮಾಮ. ಇದರಲ್ಲಿ ಸೂಜೀನೂ ಇಲ್ಲ, ಔಷಧೀನೂ ಇಲ್ಲ!"

ತಿರುಗುತ್ತಿದ್ದ ತಲೆ ಗಕ್ಕನೆ ನಿಂತಿತು. ಬೆವರು ಆರಿತು. ಕಾಲಿನ ಜುಮ್ಮು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

"ಮತ್ತೆ ಔಷಧಿ ಇದ್ದದ್ದನ್ನ ಎಲ್ಲಿಗೆ ಚುಚ್ಚಿದಿರಿ?"

ಮಾಮ ಮೆಲ್ಲಗೆ ಕುರ್ಚಿಯ ಕಡೆ ನೋಡಿದ. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದು, ತಮ್ಮ ಕುರ್ಚಿಯಲ್ಲಿ ಕೂತು, ಸಂತೋಷದಿಂದ ಒಂದು ಸುತ್ತು ತಿರುಗಿದರು.

"ಭೇಷ್! ಕುರ್ಚಿ ಮೊದಲಿಗಿಂತ ಹಗುರ ಆದ ಹಾಗಿದೆಯಲ್ಲ. ಏನು ಮಾಡಿದ್ರಿ?"

ನರ್ಸಮ್ಮ ಫ್ರಿಜ್ಜಿನಿಂದ ಹೊಸ ಪೆನ್ನು ತಂದಳು. "ಶರ್ಟ್ ಎತ್ತಿ ಮಾಮ. ಇದರಲ್ಲಿ ಸೂಜಿ ಇದೆ."

ಮಾಮ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ ಕಣ್ಣು ಮುಚ್ಚಿ ಶರ್ಟ್ ಎತ್ತಿದ.